ಹನ್ನೊಂದನೆಯ ಚೆಂಡುಹೂ ಗಿಡ

ಈ ಮೂಲಕ ಸಮಸ್ತರ ಗಮನಕ್ಕೆ ತರುವುದೇನೆಂದರೆ, ಹಿಂದಿನ ಬೀದಿಯ ಎರಡನೇ ಮನೆಯ ಹಿತ್ತಲಿನಲ್ಲಿ, ಮಂಗಳವಾರ ಬೆಳಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ, ಒಂದು ಎಳೆ ಸೌತೆಕಾಯಿ ಹಳದಿ ತಿರುಗಿ ಉದುರಿತು. ವಯಸ್ಸು ನಾಲ್ಕು ದಿನ. ಉದ್ದ ಕಿರುಬೆರಳಿನಷ್ಟು. ಆ ವಾರದಲ್ಲಿ ಅದು ಹದಿನಾಲ್ಕನೆಯ ಸಾವು.

ಮೃತರ ಯಜಮಾನರು ಒಬ್ಬ ನಿವೃತ್ತ ಪೋಸ್ಟ್‌ಮಾಸ್ಟರು. ಅವರು ಉದುರಿದ ಮಿಡಿಯನ್ನು ಅಂಗೈಯಲ್ಲಿಟ್ಟುಕೊಂಡು, ವಿಳಾಸವಿಲ್ಲದ ಲಕೋಟೆಯನ್ನು ನೋಡುವ ಹಾಗೆ ಹಿಂದೆ ಮುಂದೆ ತಿರುಗಿಸಿ ನೋಡಿದರು.

ಅವರ ಸಂಕಟಕ್ಕೆ ಕಾರಣವಿತ್ತು. ಬೀದಿಯವರೆಲ್ಲ ಸೇರಿ ವರ್ಷಕ್ಕೊಮ್ಮೆ ತರಕಾರಿ ತೋಟದ ಸ್ಪರ್ಧೆ ನಡೆಸುತ್ತಾರೆ. ಸತತ ಮೂರು ವರ್ಷ ಗೆದ್ದವರಿಗೆ ಬಹುಮಾನದ ಕಪ್ಪು ಶಾಶ್ವತವಾಗಿ ಮನೆಗೆ. ಪೋಸ್ಟ್‌ಮಾಸ್ಟರು ಎರಡು ವರ್ಷ ಗೆದ್ದಿದ್ದರು. ಮೂರನೆಯ ಸಲದ ನಂಬಿಕೆಯಿಂದ ಷೋಕೇಸಿನಲ್ಲಿದ್ದ ರೇಡಿಯೊವನ್ನು ಆಗಲೇ ಅಡುಗೆಮನೆಗೆ ವರ್ಗ ಮಾಡಿದ್ದರು. ಸ್ಪರ್ಧೆಗೆ ಇನ್ನು ಮೂರೇ ತಿಂಗಳು.

"ಇನ್ನೊಂದು ಡಬ್ಬ ಔಷಧಿ ತರ್ತೀನಿ" ಎಂದರು ಒಳಗೆ ಬಂದು.

"ತನ್ನಿ. ಹಾಗೇ ನನಗೂ ಒಂದು ಲೋಟ ಬಗ್ಗಿಸಿಕೊಟ್ಟುಬಿಡಿ" ಎಂದರು ಹೆಂಡತಿ, ಪಾತ್ರೆ ಉಜ್ಜುತ್ತಲೇ. "ಗಿಡದಿಂದ ಟೊಮೇಟೊ ಕಿತ್ತು ಸೆರಗಿಗೆ ಒರೆಸಿ ಬಾಯಿಗೆ ಹಾಕಿಕೊಳ್ಳೋಳು ನಾನು. ನೀವು ಹೊಡೀತೀರಿ, ನಾನು ತಿಂತೀನಿ. ಹೋಗಿ ಪಕ್ಕದ ಮನೆ ಸಿಸ್ಟರನ್ನ ಕೇಳಿ."

ಪಕ್ಕದ ಮನೆಯ ಸಿಸ್ಟರ್ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ದುಡಿದ ನರ್ಸಮ್ಮ. ಅವರನ್ನು ಕೇಳುವುದು ಪೋಸ್ಟ್‌ಮಾಸ್ಟರಿಗೆ ಸ್ವಲ್ಪ ಕಷ್ಟವಿತ್ತು. ಕಳೆದ ವರ್ಷ ಸಿಸ್ಟರ್ ಹಿತ್ತಲಿನ ಟೊಮೇಟೊ ಇವರದ್ದಕ್ಕಿಂತ ದಪ್ಪ ಬಂದಿತ್ತು. ಆದರೆ ಅಲ್ಲಿ ತರಕಾರಿಯ ನಡುವೆ ಚೆಂಡುಹೂವೂ ಇತ್ತು. ಸ್ಪರ್ಧಾ ಸಮಿತಿಯ ಕಾರ್ಯದರ್ಶಿ ಯಾರೆಂದರೆ, ಇದೇ ಪೋಸ್ಟ್‌ಮಾಸ್ಟರು. ಅವರು ರಾತ್ರೋರಾತ್ರಿ ನಿಯಮ ಏಳನ್ನು ಬರೆದರು: 'ಹತ್ತಕ್ಕಿಂತ ಹೆಚ್ಚು ಹೂಗಿಡಗಳಿದ್ದಲ್ಲಿ ಸದರಿ ತೋಟವನ್ನು ಹೂದೋಟವೆಂದು ಪರಿಗಣಿಸತಕ್ಕದ್ದು.' ಸಿಸ್ಟರ್ ತೋಟದಲ್ಲಿ ನಲವತ್ತಿದ್ದವು. ಅವರು ಜಗಳವಾಡಲಿಲ್ಲ. ಮಾರನೇ ದಿನ ಒಣಗಿದ ಚೆಂಡುಹೂವನ್ನು ಕಾಗದದಲ್ಲಿ ಕಟ್ಟಿ, "ಬೀಜ ಮಾಸ್ಟ್ರೇ, ಹಾಕಿ ನೋಡಿ" ಎಂದು ಕೊಟ್ಟರು. ಪೋಸ್ಟ್‌ಮಾಸ್ಟರು ಥ್ಯಾಂಕ್ಸ್ ಹೇಳಿ, ಪೊಟ್ಟಣವನ್ನು ನೇರವಾಗಿ ಗೊಬ್ಬರದ ಗುಂಡಿಗೆ ಡೆಲಿವರಿ ಮಾಡಿದ್ದರು.

ಈಗ ಕಾಂಪೌಂಡಿನ ಈಚೆ ನಿಂತು ಕೆಮ್ಮಿದರು.

"ಗಂಟಲಿಗೇನಾದ್ರೂ ಬೇಕಾ ಮಾಸ್ಟ್ರೇ?"

"ಗಂಟಲಿಗಲ್ಲ ಸಿಸ್ಟರ್, ಸೌತೆಕಾಯಿಗೆ."

ಸಿಸ್ಟರ್ ಬಂದು ಬಳ್ಳಿಯ ಎಲೆ ಎತ್ತಿ ನೋಡಿದರು. ಹೂವು ಬೇಕಾದಷ್ಟಿತ್ತು. ಅದರ ಮೇಲೆ ಒಂದು ಜೇನೂ ಇರಲಿಲ್ಲ.

"ಔಷಧಿ ಯಾವಾಗ ಹೊಡೀತೀರಿ?"

"ಬೆಳಗ್ಗೆ ಎಂಟಕ್ಕೆ. ಒಂದು ದಿನ ತಪ್ಪಿಸಿಲ್ಲ."

"ಸರಿಯಾಗಿ ಹೂವು ಅರಳಿರೋ ಹೊತ್ತಿಗೆ. ನೋಡಿ, ಸೌತೆಬಳ್ಳಿಲಿ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ. ಅದರ ಪುಡಿ ಇದಕ್ಕೆ ತಲುಪಿದ್ರೆ ಮಾತ್ರ ಕಾಯಿ ನಿಲ್ಲೋದು. ತಲುಪಿಸೋರು ಯಾರು? ಜೇನು. ನಿಮ್ಮ ಭಾಷೇಲಿ ಹೇಳಬೇಕಂದ್ರೆ ಪೋಸ್ಟ್‌ಮನ್."

"ನಾನು ಹೊಡೆದದ್ದು ಹುಳಕ್ಕೆ ಸಿಸ್ಟರ್, ಜೇನಿಗಲ್ಲ."

"ಔಷಧಿಗೆ ವಿಳಾಸ ಓದೋಕೆ ಬರಲ್ಲ ಮಾಸ್ಟ್ರೇ. ಎದುರಿಗೆ ಸಿಕ್ಕೋರ ಮನೇಗೆಲ್ಲ ಹಂಚಿಕೊಂಡು ಹೋಗುತ್ತೆ."

ಪೋಸ್ಟ್‌ಮಾಸ್ಟರು ಜೇನಿಲ್ಲದ ಹೂವುಗಳ ಕಡೆ ನೋಡಿದರು. ಮೂವತ್ತೈದು ವರ್ಷದ ನೌಕರಿಯಲ್ಲಿ ಒಬ್ಬ ಪೋಸ್ಟ್‌ಮನ್ನನಿಗೂ ಅವರು ಜೋರಾಗಿ ಬೈದವರಲ್ಲ. ಈಗ ಇಡೀ ಸಿಬ್ಬಂದಿಯನ್ನೇ ಮುಗಿಸಿದ್ದರು.

"ಚೆಂಡುಹೂ ಏನು ಮಾಡುತ್ತೆ? ಚೆಂದಕ್ಕೆ ತಾನೆ?" ಎಂದರು, ಸೋಲನ್ನು ಅರ್ಧಕ್ಕೇ ನಿಲ್ಲಿಸುವ ಆಸೆಯಿಂದ.

"ಚೆಂದ ಬೋನಸ್ಸು. ಟೊಮೇಟೊ ಕೊರೆಯೋ ಹುಳ ಇದೆಯಲ್ಲ, ಅದರ ತಾಯಿ ಚಿಟ್ಟೆಗೆ ಚೆಂಡುಹೂ ಮೊಗ್ಗು ಅಂದ್ರೆ ಪ್ರಾಣ. ಮೊಟ್ಟೆ ಅಲ್ಲೇ ಹೆಚ್ಚು ಇಡುತ್ತೆ. ಹುಳ ಕಂಡ ಹೂವನ್ನ ಕಿತ್ತು ಸೋಪಿನ ನೀರಿಗೆ ಹಾಕಿಬಿಡಬೇಕು. ಕೊತ್ತಂಬರಿನೂ ಪೂರ್ತಿ ಕೀಳಬೇಡಿ, ನಾಲ್ಕು ಗಿಡ ಹೂ ಬಿಡಲಿ. ಅದಕ್ಕೆ ಬರೋ ನೊಣಗಳ ಮರಿ ನಿಮ್ಮ ಬೀನ್ಸಿನ ಹೇನು ತಿನ್ನುತ್ತೆ."

"ಅಷ್ಟೇನಾ? ನೆಟ್ಟು ಕೂತ್ಕೊಂಡ್ರೆ ಆಯ್ತು?"

"ಕೂತ್ಕೊಂಡ್ರೆ ಹುಳವೂ ನಿಮ್ಮ ಪಕ್ಕ ಕೂತ್ಕೊಳ್ಳುತ್ತೆ. ದಿನಾ ಬೆಳಗ್ಗೆ ಎಲೆ ತಿರುಗಿಸಿ ನೋಡಬೇಕು. ನನ್ನ ಹತ್ರ ಸಸಿ ಇದೆ, ತಗೊಂಡು ಹೋಗಿ. ಎಣಿಸಿಕೊಂಡು ನೆಡಿ ಮಾಸ್ಟ್ರೇ."

ಕೊನೆಯ ಮಾತಿಗೆ ಅವರು ನಗಲಿಲ್ಲ. ಪೋಸ್ಟ್‌ಮಾಸ್ಟರೂ ನಗಲಿಲ್ಲ. ಹತ್ತೇ ಹತ್ತು ಸಸಿ ಎಣಿಸಿ ತಂದರು. ಹೊಸ ಟೊಮೇಟೊ ಸಸಿಯ ಜೊತೆಗೆ, ಪಾತಿಯ ಅಂಚಿನಲ್ಲಿ, ದಾರ ಹಿಡಿದು ನೇರ ಸಾಲಿನಲ್ಲಿ ನೆಟ್ಟರು. ಎಲ್ಲ ಪಾತಿಗೂ ಗುಂಡಿಯ ಗೊಬ್ಬರ ತುಂಬಿಸಿದರು. ಔಷಧಿಯ ಪಂಪನ್ನು ಅಟ್ಟಕ್ಕೆ ಏರಿಸಿದರು.

ಮೊದಲ ಎರಡು ವಾರ ಏನೂ ಆಗಲಿಲ್ಲ. ಪೋಸ್ಟ್‌ಮಾಸ್ಟರು ದಿನಕ್ಕೊಮ್ಮೆ ಅಟ್ಟದ ಕಡೆ ನೋಡುತ್ತಿದ್ದರು, ಹೆಂಡತಿ ಅವರ ಕಡೆ ನೋಡುತ್ತಿದ್ದರು. ಮೂರನೆಯ ವಾರ ಒಂದು ಜೇನು ಬಂತು. ಆಮೇಲೆ ಏಳು. ಆಮೇಲೆ ಎಣಿಸುವುದನ್ನು ಬಿಟ್ಟರು. ಚೆಂಡುಹೂ ಮೊಗ್ಗು ಬಿಟ್ಟಾಗ ಹುಳವೂ ಬಂತು, ಸೋಪಿನ ನೀರಿಗೂ ಹೋಯಿತು. ಟೊಮೇಟೊದಲ್ಲೂ ಒಂದೆರಡು ತೂತು ಕಂಡವು, ಮೊದಲಿನ ಹಾಗೆ ಬುಟ್ಟಿಗಟ್ಟಲೆ ಅಲ್ಲ. ಸೌತೆಬಳ್ಳಿಯಂತೂ ಕಾಯಿಯ ಭಾರಕ್ಕೆ ಚಪ್ಪರವನ್ನೇ ಬಗ್ಗಿಸಿತು. ಹೆಂಡತಿ ಟೊಮೇಟೊ ಕಿತ್ತು, ಸೆರಗಿಗೆ ಒರೆಸಿ, ಗಂಡನ ಎದುರೇ ನಿಂತು ತಿಂದರು.

ಸ್ಪರ್ಧೆಯ ದಿನ ತೀರ್ಪು ಕೊಡಲು ತೋಟಗಾರಿಕೆ ಇಲಾಖೆಯ ಅಧಿಕಾರಿ ಮೇಡಂ ನಿಯಮದ ಹಾಳೆ ಹಿಡಿದು ಬಂದರು. ಟೊಮೇಟೊ ನೋಡಿ ತಲೆದೂಗಿದರು. ಸೌತೆಕಾಯಿ ನೋಡಿ ಫೋಟೊ ತೆಗೆದರು.

"ಇದು ಹೂವಲ್ವಾ?" ಎಂದರು ಕೊತ್ತಂಬರಿಯ ಮುಂದೆ.

"ಸೊಪ್ಪು ಮೇಡಂ. ನಿಯಮ ಏಳರ ಅಡಿಟಿಪ್ಪಣಿ ನೋಡಿ" ಎಂದರು ಪೋಸ್ಟ್‌ಮಾಸ್ಟರು, ಎದೆ ಸೆಟೆಸಿ. "ಚೆಂಡುಹೂ ಹತ್ತೇ ಹತ್ತು."

ಮೇಡಂ ಎಣಿಸಿದರು. ಹತ್ತು. ಆಮೇಲೆ ಬೀನ್ಸಿನ ಬಳ್ಳಿ ಸರಿಸಿ ಬಗ್ಗಿದರು. "ಹನ್ನೊಂದು."

ಬಳ್ಳಿಯ ಮರೆಯಲ್ಲಿ ಮೊಣಕಾಲುದ್ದದ ಗಿಡ, ನೆತ್ತಿಯ ಮೇಲೆ ಕಿತ್ತಳೆ ಬಣ್ಣದ ಒಂದೇ ಹೂವು ಇಟ್ಟುಕೊಂಡು ನಿಂತಿತ್ತು.

"ನಾನು ನೆಟ್ಟದ್ದಲ್ಲ ಅದು!"

"ಗೊಬ್ಬರದ ಜೊತೆ ಬಂದದ್ದು" ಎಂದರು ಹೆಂಡತಿ. "ಹೋದ ವರ್ಷ ಸಿಸ್ಟರ್ ಕೊಟ್ಟ ಪೊಟ್ಟಣ ಎಲ್ಲಿಗೆ ಎಸೆದ್ರಿ, ನೆನಪು ಮಾಡ್ಕೊಳ್ಳಿ. ಒಂದು ತಿಂಗಳಿಂದ ನಾನೇ ನೀರು ಹಾಕ್ತಿದ್ದೆ. ಪಾಪ, ಚೆನ್ನಾಗಿ ಬರ್ತಿತ್ತು."

ಮೇಡಂ ಹಾಳೆಯ ಕೆಳಗಿನ ಸಹಿ ತೋರಿಸಿದರು. "ಇದು ಯಾರ ಸಹಿ?"

ಪೋಸ್ಟ್‌ಮಾಸ್ಟರು ಕನ್ನಡಕ ಹಾಕಿಕೊಂಡರು, ತೆಗೆದರು. "ನನ್ನದೇ."

ತೋಟ ಹೂದೋಟವಾಯಿತು. ಕಪ್ಪು ಪಕ್ಕದ ಮನೆಗೆ ಹೋಯಿತು. ಸಿಸ್ಟರ್ ಈ ಸಲ ಹತ್ತೇ ನೆಟ್ಟಿದ್ದರು, ಗುಂಡಿಯ ಗೊಬ್ಬರವನ್ನೂ ಜರಡಿ ಹಿಡಿದು ನೋಡಿದ್ದರು. ಸಂಜೆ ಪೋಸ್ಟ್‌ಮಾಸ್ಟರು ನಿಯಮ ಏಳನ್ನು ಹೊಡೆದುಹಾಕಲು ಕಡತ ತೆಗೆದರು. ಅದರ ಕೆಳಗೇ ನಿಯಮ ಎಂಟು ಇತ್ತು, ಅದೇ ಕೈಬರಹದಲ್ಲಿ: 'ಮೇಲ್ಕಂಡ ನಿಯಮಗಳನ್ನು ಐದು ವರ್ಷ ತಿದ್ದುವಂತಿಲ್ಲ.'

ರೇಡಿಯೊ ಷೋಕೇಸಿಗೆ ವಾಪಸು ಬಂತು. ಪಂಪು ಮಾತ್ರ ಅಟ್ಟದಿಂದ ಇಳಿಯಲಿಲ್ಲ. ಹನ್ನೊಂದನೆಯ ಗಿಡವನ್ನೂ ಯಾರೂ ಕೀಳಲಿಲ್ಲ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಹಿತ್ತಲು ಎಷ್ಟೇ ಚಿಕ್ಕದಿರಲಿ, ತರಕಾರಿಯ ಅಂಚಿಗೆ ಒಂದು ಸಾಲು ಚೆಂಡುಹೂ ಹಾಕಿ. ನಾಲ್ಕು ಕೊತ್ತಂಬರಿ ಗಿಡ ಹೂ ಬಿಡಲಿ. ಹೂವು ಅರಳಿರುವ ಹೊತ್ತಿನಲ್ಲಿ ಔಷಧಿ ಹೊಡೆದು ಜೇನನ್ನು ಕಳೆದುಕೊಳ್ಳಬೇಡಿ. ದಿನಾ ಒಂದು ಸುತ್ತು ಹೋಗಿ ಎಲೆ ತಿರುಗಿಸಿ ನೋಡಿ. ಹತ್ತು ಗಿಡ ನೆಡಿ, ಹನ್ನೊಂದು ನೆಡಿ, ನಲವತ್ತು ಬೇಕಾದರೂ ನೆಡಿ. ನಿಮ್ಮನ್ನು ಕೇಳುವವರು ಯಾರೂ ಇಲ್ಲ, ನಿಮ್ಮ ಬೀದಿಯಲ್ಲಿ ಒಬ್ಬ ನಿವೃತ್ತ ಪೋಸ್ಟ್‌ಮಾಸ್ಟರು ಇಲ್ಲದಿದ್ದರೆ.