ಮೊದಲ ಅಕ್ಷರದ ತಡ

ತಿಬೇರಿಯುವಿನ ಮೇಲೆ ಲವೀನಿಯಳಿಗೆ ಅನುಮಾನ ಹುಟ್ಟಿದ್ದು ಸೋಮವಾರ. ತಿಮಿಶೊಆರ ನಗರದ ಒಂದು ಸಣ್ಣ ಕಂಪನಿಯ ಹೊಸ ಲ್ಯಾಪ್‌ಟಾಪಿಗೆ ಬ್ಯಾಟರಿ ಉಳಿಸುವ ಪ್ರೋಗ್ರಾಂ ಬರೆದವಳು ಅವಳು. ಯಾರೂ ಮುಟ್ಟದಿದ್ದಾಗ ಯಂತ್ರ ಮಲಗಬೇಕು. ಹಾಗೆ ಮಲಗಿಸಿ ಮಲಗಿಸಿ ಎಂಟು ಗಂಟೆಯ ಬ್ಯಾಟರಿಯನ್ನು ಹನ್ನೊಂದಕ್ಕೆ ಎಳೆದಿದ್ದಳು. ಒತ್ತಿದೊಡನೆ ಪರದೆ ಚುರುಕಾಗಿ ಓಗೊಡುವಂತೆ ನೋಡಿಕೊಳ್ಳುವುದು ಸಹೋದ್ಯೋಗಿ ತಿಬೇರಿಯುವಿನ ಪಾಲು. ಅವನೇ ಈಗ ದೂರು ಕೊಟ್ಟಿದ್ದ: ಯಂತ್ರ ಮೊದಲ ಅಕ್ಷರಕ್ಕೆ ತಡವರಿಸುತ್ತದೆ. ಶುಕ್ರವಾರದೊಳಗೆ ಸರಿಹೋಗದಿದ್ದರೆ ಅವಳ ಎಂಟು ತಿಂಗಳ ಕೆಲಸವನ್ನು ಪೂರ್ತಿ ಕಿತ್ತುಹಾಕುವುದಾಗಿ ಮೇಲಧಿಕಾರಿ ಹೇಳಿಬಿಟ್ಟಿದ್ದರು.

"ನನ್ನ ಯಂತ್ರದಲ್ಲಿ ತಡವೇ ಇಲ್ವಲ್ಲೋ ತಿಬಿ. ನಿಂದ್ರಲ್ಲಿ ಮಾತ್ರ ಯಾಕಪ್ಪ?"

"ನಿನ್ನ ಕಂಡ್ರೆ ಅದಕ್ಕೂ ಭಯ ಇರ್ಬೇಕು ಮಾರಾಯ್ತಿ!" ಎಂದು ಅವನು ನಕ್ಕ.

ಆ ನಗು ಅವಳಿಗೆ ಹಿಡಿಸಲಿಲ್ಲ. ತನ್ನ ಪ್ರೋಗ್ರಾಮಿನಲ್ಲಿ ಇವನೇ ಏನೋ ಕೈಯಾಡಿಸಿದ್ದಾನೆ. ಮೂರು ದಿನ ಅವನನ್ನು ಕಣ್ಣಲ್ಲೇ ಕಾದಳು. ಅವನು ಫೋನಿನಲ್ಲಿ ಪಿಸುಗುಟ್ಟಿದರೂ ತನ್ನ ವಿಷಯವೇ ಎನಿಸಿತು. ಕಾಮಾಲೆ ಕಣ್ಣಿಗೆ ಬಿಳುಪು ಎಲ್ಲಿ ಕಾಣಬೇಕು?

ಗುರುವಾರ ಮಧ್ಯಾಹ್ನ ಅವನು ಚೋರ್ಬ ಸೂಪು ಕುಡಿಯಲು ಕೆಳಗಿಳಿದದ್ದೇ ತಡ, ಅವನ ಯಂತ್ರದ ಮುಂದೆ ಕೂತಳು. ಒಂದು ಕೈಯಲ್ಲಿ ಎಳ್ಳು ಮೆತ್ತಿದ ಕೊವ್ರಿಗ್ ಎಂಬ ಬಳೆಯಾಕಾರದ ಬ್ರೆಡ್ಡು, ಇನ್ನೊಂದರಲ್ಲಿ ಕಾಫಿ. ಪ್ರೋಗ್ರಾಮಿನ ಒಂದೊಂದೇ ಸಾಲು ಓದಿದಳು. ಎಲ್ಲ ತನ್ನದೇ, ಒಂದು ಚುಕ್ಕೆಯೂ ಬದಲಾಗಿರಲಿಲ್ಲ.

ಕಾಫಿ ಕೆಳಗಿಟ್ಟು ಒಂದು ಅಕ್ಷರ ಒತ್ತಿದಳು. ಏನೂ ಇಲ್ಲ. ಉಸಿರು ಬಿಡುವಷ್ಟು ಹೊತ್ತಾದ ಮೇಲೆ ಅಕ್ಷರ ಮೂಡಿತು.

ಎದ್ದುಹೋಗಿ ತನ್ನ ಯಂತ್ರದಲ್ಲೂ, ಹಾಗೇ ಏನೂ ಮುಟ್ಟದೆ ಕೈ ಮಡಿಲಲ್ಲಿಟ್ಟು ಕಾದು, ಒತ್ತಿದಳು. ಅಲ್ಲೂ ಅದೇ ತಡ! ಮತ್ತೆ ಯೋಚಿಸುತ್ತ ಕೂತಾಗ ಬೆರಳು ತಾನಾಗಿ ಟಚ್‌ಪ್ಯಾಡಿನ ಮೇಲೆ ಹೋಗಿ ಸುತ್ತತೊಡಗಿತು. ಲವೀನಿಯ ಅದನ್ನೇ ನೋಡಿದಳು. ಬೆರಳು ಆಡುತ್ತಿದ್ದರೆ ಯಂತ್ರ ಮಲಗುವುದೆಲ್ಲಿ? ಹನ್ನೊಂದು ಗಂಟೆ ಎಣಿಸಿದ್ದು ಯಾರೂ ಮುಟ್ಟದ ಯಂತ್ರದಲ್ಲಿ. ಚುರುಕು ಅಳೆದದ್ದು ತಾನು ಬಿಡದೆ ಸವರಿದ ಯಂತ್ರದಲ್ಲಿ. ಅದಕ್ಕೇ ತಡ ತನಗೆ ಕಂಡಿರಲಿಲ್ಲ.

ತಿಬೇರಿಯು ಬಂದವನೇ ಕೇಳಿದ: "ನನ್ನ ಕೀಬೋರ್ಡಲ್ಲಿ ಎಳ್ಳು ಯಾರು ಬಿತ್ತಿದ್ದು?"

"ನಾನೇ. ಕಳ್ಳನ್ನ ಹುಡುಕ್ತಿದ್ದೆ."

"ಸಿಕ್ಕಿದ್ನಾ?"

ತನ್ನ ಬೆರಳನ್ನೇ ಎತ್ತಿ ತೋರಿಸಿ ಎಲ್ಲ ಹೇಳಿದಳು. "ಹನ್ನೊಂದು ಗಂಟೆ ಬಿಟ್ಬಿಡೋಣ ತಿಬಿ. ಯಂತ್ರಕ್ಕೆ ಗಾಢ ನಿದ್ದೆ ಬೇಡ, ತೂಕಡಿಸ್ಲಿ ಸಾಕು, ಮುಟ್ಟಿದ ತಕ್ಷಣ ಏಳುತ್ತೆ. ಒಂಬತ್ತೂವರೆ ಸಿಗುತ್ತೆ."

ಅವನ ಹುಬ್ಬು ಗಂಟಾಯಿತು. "ನೀನಾಗೇ ಒಂದೂವರೆ ಗಂಟೆ ಬಿಟ್ಕೊಡ್ತೀಯಾ? ಏನೇ ಹುನ್ನಾರ ಇದು?"

ಸಂಜೆಯೊಳಗೆ ತಿದ್ದಿ ಮುಗಿಸಿದಳು. ಅವನು ಕೈಗಳನ್ನು ಬೆನ್ನ ಹಿಂದೆ ಕಟ್ಟಿ ಯಂತ್ರ ತೂಕಡಿಸುವವರೆಗೂ ಕಾದ, ಆಮೇಲೆ ಒತ್ತಿದ. ಅಕ್ಷರ ಬೆರಳಿನ ಜೊತೆಗೇ ಬಂತು.

"ಕಿತ್ತುಹಾಕೋದು ಬೇಡ ಅಂತ ನಾಳೆ ನಾನೇ ಹೇಳ್ತೀನಿ," ಎಂದ. ಮತ್ತೆ ಅವಳನ್ನು ಓರೆಗಣ್ಣಲ್ಲಿ ನೋಡಿ, "ನೀನು ಸ್ವಲ್ಪ ದೂರ ನಿಲ್ಲು. ಇನ್ನೊಂದ್ಸಲ ನೋಡ್ತೀನಿ."