ಛತ್ರವಿಲ್ಲದ ಊರುಗಳು

ಜಯನಗರ ನಾಲ್ಕನೇ ಬ್ಲಾಕಿನ ಆ ಟೂರ್ ಆಫೀಸಿನ ಹಾಲಿಗೆ ಕಾಲಿಟ್ಟ ಕೂಡಲೇ ಲತಾಮಣಿ ನೋಡಿಕೊಂಡಿದ್ದು ಬಾಗಿಲನ್ನು. ಬಾಗಿಲಿನಾಚೆ ಕಾರಿಡಾರು, ಕಾರಿಡಾರಿನ ಕೊನೆಯಲ್ಲಿ ಟಾಯ್ಲೆಟ್ಟು, ಟಾಯ್ಲೆಟ್ಟಿಗೆ ಬೀಗ. ಬೀಗದ ಕೈ ವಾಚ್‌ಮನ್ ಹತ್ತಿರ ಇದೆಯಂತೆ, ವಾಚ್‌ಮನ್ ತಿಂಡಿಗೆ ಹೋಗಿದ್ದಾನಂತೆ. ಇಷ್ಟು ತಿಳಿದ ಮೇಲೆ ಪರದೆಯ ಮೇಲೆ ಬಂದು ಹೋಗುತ್ತಿದ್ದ ಯುರೋಪು ಅವಳ ಕಣ್ಣಿಗೆ ಹತ್ತಲಿಲ್ಲ.

"ಇದು ದೊಡ್ಡ ಮ್ಯೂಸಿಯಂ. ಒಳಗೆ ಹೋಗೋಕೇ ಕ್ಯೂ ಇರತ್ತೆ, ಒಳಗೆ ಅರ್ಧ ದಿನ ನಡೀಬೇಕು. ಮಾರನೇ ದಿನ ಕೋಟೆ ಊರು. ಬಸ್ಸು ಮೂರು ಗಂಟೆ ನಾನ್‌ಸ್ಟಾಪ್," ಎಂದು ಟೂರ್ ಮ್ಯಾನೇಜರ್ ತಿರುಮಲೇಶ ಉತ್ಸಾಹದಿಂದ ವಿವರಿಸುತ್ತಿದ್ದ.

ಮುಂದಿನ ಸಾಲಿನಿಂದ ಸುಬ್ರಹ್ಮಣ್ಯಪುರದ ಅಂಜನಮ್ಮ ಕೈ ಎತ್ತಿದರು. ಹೊಲವೆಲ್ಲ ಸೈಟಾಗಿ, ಸೈಟೆಲ್ಲ ಬಾಡಿಗೆ ಮನೆಗಳಾದ ಮೇಲೆ ಮಗನ ಜೊತೆ ದೇಶ ನೋಡಲು ಹೊರಟ ಹೆಂಗಸು. "ಅಲ್ಲ ಕಣಪ್ಪಾ, ಆ ಮ್ಯೂಸಿಯಮ್ಮಲ್ಲಿ ಗೊಂಬೆಗಳೆಲ್ಲ ಬಟ್ಟೆ ಇಲ್ದಂಗೆ ನಿಂತಿರ್ತವಂತೆ? ಮಗನ್ನ ಪಕ್ಕದಲ್ಲಿ ಇಟ್ಕೊಂಡು ನಾನೆಂಗೆ ನೋಡ್ಲಿ?"

"ಅವ್ವಾ, ಸುಮ್ನಿರು," ಎಂದ ಮಗ ಕೆಂಪರಾಜು. ಅವನ ಕಿವಿ ಕೆಂಪಾಗಿತ್ತು.

"ನಾನ್ ಸುಮ್ನಿರ್ತೀನಿ, ನೀನು ಬೇರೆ ರೂಮಲ್ಲಿ ಇರು."

ಹಾಲಿನಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಲತಾಮಣಿ ಮಾತ್ರ ತುಟಿ ಬಿಗಿಹಿಡಿದು ಕಾಲ ಮೇಲೆ ಕಾಲು ಹಾಕಿಕೊಂಡಳು. ನಗು, ಸೀನು, ಕೆಮ್ಮು ಈ ಮೂರಕ್ಕೂ ಅವಳು ಮೊದಲೇ ತಯಾರಾಗಬೇಕಿತ್ತು. ಮಗಳು ಹುಟ್ಟಿದಾಗಿನಿಂದ ಸ್ವಲ್ಪ ಇದ್ದದ್ದು, ಐವತ್ತು ಹತ್ತಿರವಾದಂತೆ ಹೆಚ್ಚಾಗಿತ್ತು. ಮೂತ್ರ ಬಂತು ಎಂದರೆ ಬಂತು. ತಡೆಯುವುದು ಅವಳ ಕೈಲಿರಲಿಲ್ಲ. ಒಮ್ಮೆ ನೆಂಟರ ಬಸ್ಸಿನಲ್ಲಿ ದೇವಸ್ಥಾನಕ್ಕೆ ಹೊರಟಾಗ ಬಸ್ಸು ನಿಲ್ಲಿಸಿ ಎಂದು ಎದ್ದು ಕೇಳಿದ್ದಳು. ನಾದಿನಿಯ ಗಂಡ ಹಿಂದಿನ ಸೀಟಿನಿಂದ, "ಲತಾ ಅತ್ತಿಗೆಗೆ ಒಂದು ನಲ್ಲಿನೇ ಫಿಟ್ ಮಾಡ್ಸಿ," ಎಂದಿದ್ದ. ಬಸ್ಸಿಗೆ ಬಸ್ಸೇ ನಕ್ಕಿತ್ತು, ಅವಳ ಗಂಡ ಪ್ರಮೋದನೂ ನಕ್ಕಿದ್ದ. ಬಸ್ಸು ನಿಲ್ಲುವ ಹೊತ್ತಿಗೆ ನಿಲ್ಲಿಸುವ ಅಗತ್ಯವೇ ಉಳಿದಿರಲಿಲ್ಲ. ಅದು ಯಾರಿಗೂ ಗೊತ್ತಾಗಲಿಲ್ಲ. ಹಸಿರು ರೇಷ್ಮೆ ಸೀರೆಗೆ ಗೊತ್ತು, ಅವಳಿಗೆ ಗೊತ್ತು.

ಅಂದಿನಿಂದ ಹೊರಗೆ ಹೋಗುವ ದಿನ ಬೆಳಗ್ಗೆಯಿಂದ ಅವಳು ನೀರು ಮುಟ್ಟುತ್ತಿರಲಿಲ್ಲ. ಇವತ್ತೂ ಅಷ್ಟೇ, ನಾಲಿಗೆ ಅಂಗುಳಿಗೆ ಅಂಟಿಕೊಂಡಿತ್ತು.

"ಸರಿ, ಎಲ್ಲರೂ ಪಾಸ್‌ಪೋರ್ಟ್ ಕೊಡಿ. ವೀಸಾಗೆ ಇವತ್ತೇ ಕಡೇ ದಿನ," ಎಂದ ತಿರುಮಲೇಶ.

ಪ್ರಮೋದ ತನ್ನದನ್ನು ಕೊಟ್ಟು ಅವಳ ಕಡೆ ತಿರುಗಿದ. ಲತಾಮಣಿ ಕೈಚೀಲದ ಜಿಪ್ಪನ್ನು ತೆರೆದು, ಒಳಗೆ ಕೈಯಾಡಿಸಿ, ಬೆರಳಿಗೆ ತಾಗಿದ ಪಾಸ್‌ಪೋರ್ಟನ್ನು ಅಲ್ಲೇ ಬಿಟ್ಟು, "ಅಯ್ಯೋ, ಮನೇಲೇ ಮರ್ತು ಬಂದೆ," ಎಂದಳು.

"ಸಂಜೆ ಆರರವರೆಗೆ ಇರ್ತೀನಿ ಮೇಡಂ. ಆಮೇಲೆ ನಾನೇನೂ ಮಾಡಕ್ಕಾಗಲ್ಲ."

ಕೆಳಗಿಳಿದು ಪ್ರಮೋದ ಅವಳನ್ನು ಕೂರಿಸಿಕೊಂಡು ಸ್ಕೂಟರ್ ಹೊರಡಿಸಿದ. ಬನಶಂಕರಿಯಲ್ಲಿ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ ಇಟ್ಟ ಮನುಷ್ಯ. ಮದುವೆಯಾದಾಗಿನಿಂದ ಅಂಗಡಿಗೆ ರಜೆ ಹಾಕಿದ್ದು ಹಬ್ಬಕ್ಕೆ ಮತ್ತು ಸಾವಿಗೆ. ಅವಳ ಹಳೆಯ ಆಸೆ ನೆನಪಿಟ್ಟುಕೊಂಡು ಈ ಟೂರು ಬುಕ್ ಮಾಡಿದ್ದೂ ಅವನೇ.

ಆ ಆಸೆ ವಿಲ್ಸನ್ ಗಾರ್ಡನ್ನಿನ ತವರುಮನೆಯದು. ಪ್ರಿಂಟಿಂಗ್ ಪ್ರೆಸ್ಸಿನಲ್ಲಿದ್ದ ಅಪ್ಪ ತಪ್ಪಾಗಿ ಅಚ್ಚಾದ ಕ್ಯಾಲೆಂಡರ್ ಹಾಳೆಯೊಂದನ್ನು ಮನೆಗೆ ತಂದಿದ್ದರು. ಗುಡ್ಡದ ಮೇಲೊಂದು ಕೋಟೆ, ಕೆಳಗೆ ಹೆಂಚಿನ ಮನೆಗಳ ಊರು, ಊರ ಸುತ್ತ ಹೊಳೆ. ಕೆಂಪು ಬಣ್ಣ ಪಕ್ಕಕ್ಕೆ ಸರಿದು ಬಿದ್ದದ್ದರಿಂದ ಪ್ರತಿ ಮನೆಗೂ ಒಂದು ಕೆಂಪು ನೆರಳು. ಹುಡುಗಿ ಲತಾಮಣಿ ಅಲ್ಲಿ ಎಲ್ಲರಿಗೂ ಎರಡೆರಡು ಮನೆ ಇರುತ್ತವೆಂದು ನಂಬಿದ್ದಳು. ನಿಜವಾದ ಊರು ಹೇಗಿರುತ್ತದೆ ಎಂದು ಒಮ್ಮೆ ನೋಡಬೇಕು. ಅದೊಂದನ್ನು ಬಿಟ್ಟು ಅವಳು ಗಂಡನ ಹತ್ತಿರ ತನಗಾಗಿ ಏನನ್ನೂ ಕೇಳಿದವಳಲ್ಲ.

ಸಾರಕ್ಕಿ ಸಿಗ್ನಲ್ಲಿನ ಹತ್ತಿರ ವಾಹನಗಳು ಅಲುಗಾಡದೆ ನಿಂತಿದ್ದವು. ಅಲ್ಲಿಗೆ ಬರುವ ಮೊದಲು ದಾಟಿದ ರಸ್ತೆಯ ಹಂಪಿನ ಕುಲುಕಾಟಕ್ಕೆ ಅವಳಿಗೆ ಮೂತ್ರದ ಒತ್ತಡ ಶುರುವಾಗಿತ್ತು.

"ಪಾಸ್‌ಪೋರ್ಟ್ ನಿನ್ನ ಬ್ಯಾಗಲ್ಲಿತ್ತು. ಬೆಳಗ್ಗೆ ನಾನೇ ನೋಡ್ದೆ," ಎಂದ ಪ್ರಮೋದ, ತಿರುಗದೆ.

ಅವಳು ಕೈಚೀಲವನ್ನು ಮಡಿಲಿಗೆ ಒತ್ತಿಕೊಂಡಳು.

"ನನ್ ಜೊತೆ ಬರೋಕೆ ಇಷ್ಟ ಇಲ್ದಿದ್ರೆ ಬಾಯಿಬಿಟ್ಟು ಹೇಳ್ಬೇಕು ಲತಾ. ಎಲ್ಲರ ಮುಂದೆ ಹಿಂಗ್ ಮಾಡ್ಬಾರ್ದು."

"ರೀ, ಎಡಕ್ಕೆ ತಿರುಗಿಸಿ."

"ಯಾಕೆ?"

"ತಿರುಗಿಸ್ರೀ! ಆ ಬಾಳೆಕಂಬ ಕಟ್ಟಿದಾರಲ್ಲ, ಆ ಛತ್ರದ ಹತ್ರ ನಿಲ್ಸಿ."

ಅವಳ ದನಿಗೆ ಹೆದರಿಯೋ ಏನೋ ಅವನು ತಿರುಗಿಸಿದ. ಸ್ಕೂಟರ್ ನಿಲ್ಲುವ ಮೊದಲೇ ಅವಳು ಇಳಿದಾಗಿತ್ತು. "ಯಾರ ಮದುವೆ?" ಎಂದು ಅವನು ಹಿಂದೆಯೇ ಓಡಿಬಂದ.

"ಗೊತ್ತಿಲ್ಲ. ನಗ್ತಾ ಬನ್ನಿ."

ಬಾಗಿಲಲ್ಲಿ ನಿಂತಿದ್ದ ಹುಡುಗಿಯರು ಪನ್ನೀರು ಚಿಮುಕಿಸಿದರು. ಲತಾಮಣಿ ಕುಂಕುಮವಿಟ್ಟುಕೊಂಡು, ಕಲ್ಲುಸಕ್ಕರೆ ಬಾಯಿಗೆ ಹಾಕಿಕೊಂಡು, ಬಹಳ ಹತ್ತಿರದ ನೆಂಟಳಂತೆ ಒಳಗೆ ನಡೆದಳು. ಯಾರನ್ನೂ ಕೇಳಲಿಲ್ಲ. ಮಂಟಪದ ಬಲಕ್ಕೆ ವಧುವಿನ ಕೋಣೆ, ಅದರ ಪಕ್ಕದ ಓಣಿ, ಓಣಿಯ ಕೊನೆಯ ಬಾಗಿಲು. ಒಳಗೆ ಚಿಲಕ ಹಾಕಿಕೊಂಡಾಗ ಕಣ್ಣಲ್ಲಿ ನೀರು ಬಂತು. ಈ ಸಲ ಸೀರೆ ಉಳಿದಿತ್ತು.

ಹೊರಬಂದಾಗ ಪ್ರಮೋದ ಕಾಣಲಿಲ್ಲ. ಹುಡುಕಿದರೆ ಊಟದ ಹಾಲಿನಲ್ಲಿ ಎಲೆಯ ಮುಂದೆ ಕೂತಿದ್ದಾನೆ! ಕೋಸಂಬರಿ ಬಡಿಸಿಯಾಗಿದೆ, ಪಕ್ಕದ ಎಲೆ ಅವಳಿಗಾಗಿ ಕಾಯುತ್ತಿದೆ. ಅವನ ಮುಖ ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ಹುಡುಗನಂತಾಗಿತ್ತು.

"ಏನ್ರೀ ಇದು?"

"ಯಾರೋ ಯಜಮಾನ್ರು ಯಾರ ಕಡೆಯವ್ರು ಅಂದ್ರು. ಹುಡುಗನ ಕಡೆ ಅಂದ್ಬಿಟ್ಟೆ. ನಾನೇ ಹುಡುಗನ ತಂದೆ ಅಂದ್ರು ಕಣೇ! ಕೈ ಹಿಡ್ಕೊಂಡು ಬಂದು ಕೂರ್ಸಿದಾರೆ. ಎದ್ರೆ ಬೈತಾರೋ ಏನೋ."

ಲತಾಮಣಿಗೆ ನಗು ಉಕ್ಕಿತು. ಈಗ ನಗಬಹುದಿತ್ತು. ಸೆರಗು ಬಾಯಿಗೊತ್ತಿಕೊಂಡು ಕಣ್ಣೊರೆಸಿಕೊಳ್ಳುವಷ್ಟು ನಕ್ಕಳು.

ಅವನು ನಗಲಿಲ್ಲ. ಅವಳನ್ನೇ ನೋಡುತ್ತ, "ನಿಂಗೆ ಇಲ್ಲಿ ಒಳಗೆಲ್ಲ ಗೊತ್ತಲ್ಲ. ಮುಂಚೆ ಬಂದಿದ್ಯಾ?" ಎಂದ.

"ನಾಲ್ಕೈದು ಮದುವೆಗೆ. ಯಾರದ್ದೂ ಗೊತ್ತಿಲ್ಲ."

ಆಮೇಲೆ ಅವಳು ತಗ್ಗಿದ ದನಿಯಲ್ಲಿ ಹೇಳಿದಳು. ಪಲ್ಯ ಬಂತು, ಅನ್ನ ಬಂತು, ಅವಳು ಹೇಳುತ್ತಲೇ ಹೋದಳು. ಮುಹೂರ್ತದ ದಿನಗಳಲ್ಲಾದರೆ ಬನಶಂಕರಿಯಿಂದ ಬಿಟಿಎಂವರೆಗೆ ಎಲ್ಲಿ ಬೇಕಾದರೂ ಹೋಗಬಲ್ಲಳು; ಒಳ್ಳೆಯ ಸೀರೆ ಉಟ್ಟ ಹೆಂಗಸನ್ನು ಯಾವ ಛತ್ರವೂ ತಡೆಯುವುದಿಲ್ಲ. ಉಳಿದ ದಿನ ಸೀರೆ ಅಂಗಡಿಯ ಮೂರನೇ ಮಹಡಿ, ಮೆಟ್ರೋ ಸ್ಟೇಷನ್ನು. ನಿಂತು ತಿನ್ನುವ ದರ್ಶಿನಿ ಹೋಟೆಲುಗಳಿಂದ ಉಪಯೋಗವಿಲ್ಲ, ಅಲ್ಲಿರುವುದು ಕೈತೊಳೆಯುವ ಜಾಗ ಮಾತ್ರ.

"ಮುಹೂರ್ತನೇ ಇಲ್ದಿದ್ರೆ? ಆಷಾಢದಲ್ಲಿ?"

"ಆಷಾಢದಲ್ಲಿ ನಾನು ಮನೆ ಬಿಟ್ಟು ದೂರ ಹೋಗಿದ್ದು ನೋಡಿದೀರಾ?"

ಪ್ರಮೋದ ಅನ್ನ ಕಲೆಸುವುದನ್ನು ನಿಲ್ಲಿಸಿದ. ಅವನಿಗೆ ನೆಂಟರ ಬಸ್ಸು ನೆನಪಾಯಿತೇನೋ, ಮುಖ ಸಣ್ಣದಾಯಿತು. "ಅವತ್ತು ನಾನೂ ನಕ್ಕೆ, ಅಲ್ವಾ?" ಎಂದ.

"ಹೂಂ."

ಅವನು ಎಲೆಯ ಅಂಚಿನ ಉಪ್ಪನ್ನು ಬೆರಳಿಂದ ಸರಿಸಿದ. ಆಮೇಲೆ, "ಡಾಕ್ಟ್ರು?" ಎಂದ.

"ವ್ಯಾಯಾಮ, ಔಷಧಿ, ಏನೇನೋ ಇದೆಯಂತೆ. ಹೋಗಿ ಹೇಳ್ಕೊಳ್ಳೋಕೇ ಆಗಿಲ್ಲ." ಲತಾಮಣಿ ಎಲೆಯ ಮೇಲಿನ ಹೋಳಿಗೆಯನ್ನು ಮುರಿದಳು. "ಅಲ್ಲಿ ಯಾವ ಛತ್ರಕ್ಕೆ ನುಗ್ಗಲಿ ಹೇಳಿ? ಮೂರು ಗಂಟೆ ಬಸ್ಸು. ನೀವೂ ಅಷ್ಟು ಜನದ ಮುಂದೆ ತಲೆ ತಗ್ಗಿಸ್ಬೇಕಾಗತ್ತೆ."

"ನಾನೇನೂ ತಗ್ಗಿಸಲ್ಲ," ಎಂದ ಪ್ರಮೋದ. "ಹೋಗೋದು ಬಿಡೋದು ನಿನ್ನಿಷ್ಟ. ಆದ್ರೆ ಆ ತಿರುಮಲೇಶನ್ನ ಒಂದ್ಮಾತು ಕೇಳೋಣ. ನಾನೇ ಕೇಳ್ಲಾ?"

ಅವಳು ಮುರಿದ ಹೋಳಿಗೆಯನ್ನು ಎಲೆಗೇ ಬಿಟ್ಟು, "ಬೇಡ," ಎಂದಳು.

ತಾಂಬೂಲದ ಚೀಲ ಹಿಡಿದು ಅವರು ಮತ್ತೆ ಟೂರ್ ಆಫೀಸಿನ ಮಹಡಿ ಹತ್ತಿದಾಗ ತಿರುಮಲೇಶ ಪರದೆ ಸುತ್ತಿಡುತ್ತಿದ್ದ. "ತಂದ್ರಾ ಮೇಡಂ?" ಎಂದು ಕೈ ಚಾಚಿದ. ಲತಾಮಣಿ ಪಾಸ್‌ಪೋರ್ಟನ್ನು ಹೊರಗೆ ತೆಗೆದಳು, ಕೊಡಲಿಲ್ಲ.

"ನನಗೆ ಮೂತ್ರ ತಡೆಯೋಕಾಗಲ್ಲ," ಎಂದಳು. ಇಷ್ಟು ವರ್ಷ ಮುಚ್ಚಿಟ್ಟಿದ್ದ ಮಾತು ಹಾಲಿನಲ್ಲಿ ಸಣ್ಣದಾಗಿ ಕೇಳಿಸಿತು. "ನಿಮ್ಮ ಬಸ್ಸಲ್ಲಿ ಟಾಯ್ಲೆಟ್ ಇರತ್ತಾ?"

ತಿರುಮಲೇಶ ಪ್ರಮೋದನ ಕಡೆ ನೋಡಿದ. ಪ್ರಮೋದ ಅವಳ ಕಡೆ ಕೈ ತೋರಿಸಿದ, ಅವರನ್ನೇ ಕೇಳಿ ಎಂಬಂತೆ.

"ಇರತ್ತೆ ಮೇಡಂ, ಆದ್ರೆ ಡ್ರೈವರು ಬೀಗ ಹಾಕ್ಬಿಡ್ತಾನೆ. ಕ್ಲೀನ್ ಮಾಡ್ಬೇಕಾಗತ್ತಲ್ಲ."

ಅಲ್ಲೂ ಬೀಗ. "ಆ ಬೀಗದ ಕೈ ನೀವು ಮೊದಲೇ ಇಸ್ಕೊಂಡಿರಿ. ನಾನು ಕೇಳಿದಾಗ ಏನು ಎತ್ತ ಅನ್ನದೆ ಕೊಡಬೇಕು. ಆಗತ್ತಾ?"

"ಬಸ್ಸಲ್ಲಿ ಆಗತ್ತೆ, ನಾನು ಹೇಳಿಸ್ತೀನಿ. ಮ್ಯೂಸಿಯಂ ಕ್ಯೂ, ಕೋಟೆ ಹತ್ತೋ ದಾರಿ... ಅಲ್ಲಿಗೆಲ್ಲ ನಾನು ಮಾತು ಕೊಡಲ್ಲ ಮೇಡಂ."

ಮಾತು ಕೊಡುವುದಿಲ್ಲ. ಅವಳಿಗೆ ಬೇಕಿದ್ದದ್ದು ಮಾತೇ. ಗುಡ್ಡದ ದಾರಿಯ ನಡುವೆ ಸೀರೆ ಒದ್ದೆಯಾಗಿ ನಿಂತ ತನ್ನ ಚಿತ್ರ ಅವಳ ಕಣ್ಣಿಗೆ ಕಟ್ಟಿತು, ಸುತ್ತ ಹೆಂಚಿನ ಮನೆಗಳು, ಮನೆಗಳ ಕೆಂಪು ನೆರಳುಗಳು. ಪಕ್ಕದಲ್ಲಿ ಪ್ರಮೋದ, ತಾಂಬೂಲದ ಚೀಲ ಹಿಡಿದು. ಆ ಚಿತ್ರದಲ್ಲಿ ಅವನು ನಗುತ್ತಿರಲಿಲ್ಲ.

ಅವಳು ಪಾಸ್‌ಪೋರ್ಟನ್ನು ಮೇಜಿನ ಮೇಲಿಟ್ಟಳು. ಕೈ ಹಿಂದಕ್ಕೆ ತೆಗೆದುಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು.

ಕಾರಿಡಾರಿನಲ್ಲಿ ನೀರಿನ ಕ್ಯಾನಿತ್ತು. ಲತಾಮಣಿ ಲೋಟ ಹಿಡಿದು ತುಂಬಿಸಿ, ಗಟಗಟನೆ ಕುಡಿದಳು. ಮತ್ತೊಂದು ಲೋಟ ತುಂಬಿಸಿದಳು. ಮನೆಯ ಹೊರಗೆ ಹೀಗೆ ನೀರು ಕುಡಿದು ಎಷ್ಟು ಕಾಲವಾಗಿತ್ತೋ, ಗಂಟಲಿಗೇ ನಂಬಿಕೆ ಬರಲಿಲ್ಲ.

"ನಿಧಾನ," ಎಂದ ಪ್ರಮೋದ. ಅವನ ಕಣ್ಣು ಕಾರಿಡಾರಿನ ಕೊನೆಯ ಬೀಗದ ಕಡೆಗಿತ್ತು. "ವಾಚ್‌ಮನ್ ಎಲ್ಲಿದಾನೆ ನೋಡ್ಕೊಂಡು ಬರ್ತೀನಿ, ಇರು," ಎಂದು ಮೆಟ್ಟಿಲಿಳಿದ.

ಅವಳು ಲೋಟ ಕೆಳಗಿಟ್ಟು, ಕಾಲುಗಳನ್ನು ಜೋಡಿಸಿಕೊಂಡು, ಅವನು ಬರುವ ಸದ್ದಿಗೆ ಕಿವಿಗೊಟ್ಟು ನಿಂತಳು.