ಪರದೆಯಾಚೆಯ ಎದುರಾಳಿ

ನಮ್ಮ ಮನೆಗೆ ಎರಡೇ ಕೋಣೆ, ನಡುವೆ ಬಟ್ಟೆಯ ಪರದೆ, ಒಂದೇ ಬಾಗಿಲು. ಒಳಗಿನ ಕೋಣೆಯಿಂದ ಬೀದಿಗೆ ಬರಬೇಕೆಂದರೆ ಹೊರಗಿನ ಕೋಣೆ ದಾಟಬೇಕು. ಅಲ್ಲಿ ಸೋಫಾದ ಮೇಲೆ ನನ್ನ ಅತ್ತೆ ಕೂತಿದ್ದರು. ಮಂಡಿ ತೋರಿಸಲು ದೂರದ ಕಸಾಮಾದಿಂದ ನಮ್ಮೂರು ಎನ್ಡೋಲಾಗೆ ಬಂದವರು. ಆರು ವಾರ ಇಲ್ಲೇ ಇರಬೇಕೆಂದು ಡಾಕ್ಟರು ಹೇಳಿದ ದಿನವೇ ನಾನು ಕೈದಿಯಾದೆ.

ಅಳಿಯನಾದವನು ಅತ್ತೆಯ ಮುಖ ನೋಡಬಾರದು, ಮಾತಾಡಬಾರದು, ಅವರೆದುರು ಒಂದು ತುತ್ತು ಶಿಮಾ ಮುದ್ದೆ ಬಾಯಿಗಿಡಬಾರದು. ಹೆಣ್ಣಿನ ಕಡೆಯವರು ಅಡುಗೆ ಹೊತ್ತು ತಂದು, ಅವನನ್ನು ಒಳಗೆ ಕರೆಯುವ ಶಾಸ್ತ್ರ ಮುಗಿಸುವವರೆಗೂ ಹೀಗೇ. ಮದುವೆಯಾಗಿ ನಾಲ್ಕು ವರ್ಷ, ಮಗಳು ಥೋಕೊಗೆ ಮೂರು. ನನಗಿನ್ನೂ ಆ ಭಾಗ್ಯ ಬಂದಿರಲಿಲ್ಲ. ಬಚ್ಚಲಿಗೆ ಹೋಗಬೇಕೆಂದರೂ ಮೂರು ಸಲ ಕೆಮ್ಮಬೇಕು. ಹೆಂಡತಿ ಬ್ವಾಲ್ಯಾ "ಅಮ್ಮಾ, ಬರ್ತಿದಾರೆ" ಅನ್ನಬೇಕು. ಅತ್ತೆ ಚಿತೆಂಗೆ ಬಟ್ಟೆಯನ್ನು ತಲೆ ಮೇಲೆಳೆದುಕೊಂಡು ಗೋಡೆ ಕಡೆ ತಿರುಗಬೇಕು. ಆಮೇಲೆ ನಾನು ಕಳ್ಳನ ಹಾಗೆ ಓಡಬೇಕು. ವಾಪಸು ಬರುವಾಗ ಇದೇ ಇನ್ನೊಮ್ಮೆ. ನಾನು ನೀರು ಕುಡಿಯುವುದನ್ನೇ ಕಡಿಮೆ ಮಾಡಿದೆ.

ಹಗಲೆಲ್ಲ ಹೊರಗೇ ಇರಬಹುದಿತ್ತಲ್ಲ ಅನ್ನಬೇಡಿ. ಅತ್ತೆ ಬಂದರೆಂದು ಮನೆ ಬಿಟ್ಟು ಓಡಿದ ಅಳಿಯ ಎಂದು ಬೀದಿಯೇ ಆಡಿಕೊಳ್ಳುತ್ತದೆ. ನನ್ನದು ಫ್ರಿಜ್ ರಿಪೇರಿ ಕೆಲಸ. ಆ ತಿಂಗಳು ಹಗಲಿನಲ್ಲಿ ಕರೆಂಟೇ ಇರಲಿಲ್ಲ, ಅಂಗಡಿ ಮುಚ್ಚಿತ್ತು. ಹಾಗಾಗಿ ಮಂಚದ ಮೇಲೆ ಬಿದ್ದುಕೊಂಡು ಫೋನಿನಲ್ಲಿ ಚೆಸ್ ಆಡುತ್ತಿದ್ದೆ.

ವರ್ಷದಿಂದ ನನಗೊಬ್ಬ ಎದುರಾಳಿಯಿದ್ದ, ಹೆಸರು 'ಕಸಾಮಾ ಟೀಚರ್'. ಯಾರೋ ನಿವೃತ್ತ ಮೇಷ್ಟ್ರು ಅಂದುಕೊಂಡಿದ್ದೆ. ನಾನು ಪೂರ್ವದ ಎನ್‌ಗೋನಿ, ಆತ ಬೆಂಬಾ. ಹಿಂದೆ ಹೊಡೆದಾಡಿಕೊಂಡ ಕುಲಗಳು, ಈಗ ಬೈದಾಡಿಕೊಳ್ಳುವ ನೆಂಟರು. ಸಾವಿನ ಮನೆಯಲ್ಲಿ ನಿಂತು ಬೈದರೂ ಸಿಟ್ಟು ಮಾಡಿಕೊಳ್ಳುವಂತಿಲ್ಲ. ಆತ ನನ್ನನ್ನು "ಇಲಿ ತಿನ್ನೋನೇ" ಅನ್ನುತ್ತಿದ್ದ, ನಾನು "ಕೋತಿ ತಿನ್ನೋನೇ" ಅನ್ನುತ್ತಿದ್ದೆ. ಗೆದ್ದ ಆಟಗಳನ್ನೆಲ್ಲ ನಮ್ಮ ಎನ್ಡೋಲಾ ಚೆಸ್ ಗುಂಪಿಗೆ ಕಳಿಸಿ, ಕೆಳಗೆ ಇನ್ನಷ್ಟು ಖಾರ ಸೇರಿಸುತ್ತಿದ್ದೆ. ಜನ ಬಿದ್ದುಬಿದ್ದು ನಗುತ್ತಿದ್ದರು. ಅದನ್ನೂ ಆತನಿಗೆ ಕಳಿಸುತ್ತಿದ್ದೆ, ನನಗೇನು ಭಯ!

ಅತ್ತೆ ಬಂದು ಮೂರನೇ ವಾರ, ಒಂದು ಮಧ್ಯಾಹ್ನ, ಮೇಷ್ಟ್ರ ರಾಣಿಯನ್ನು ಹೊಡೆದು ಬರೆದೆ: "ಮುದುಕಪ್ಪಾ, ನಿನ್ನ ಕುದುರೆಗೂ ಮಂಡಿನೋವಾ? ಅದನ್ನೂ ಸುಟ್ಟು ತಿಂದ್ಬಿಡು."

ಪರದೆಯಾಚೆ ಅತ್ತೆ ಗಹಗಹಿಸಿ ನಕ್ಕರು. "ಬ್ವಾಲ್ಯಾ, ಕೇಳೇ ಇಲ್ಲಿ! ಈ ಇಲಿ ತಿನ್ನೋನು ಏನ್ ಬರ್ದಿದಾನೆ ಗೊತ್ತಾ? ನನ್ನ ಕುದುರೆಗೂ ಮಂಡಿನೋವಂತೆ!"

ಮೇಷ್ಟ್ರು ಅಂದರೆ ನನ್ನ ಅತ್ತೆ! ಒಂದು ವರ್ಷ ನಾನು ಬೈದದ್ದೆಲ್ಲ ಒಂದೊಂದಾಗಿ ನೆನಪಾಯಿತು. ಕೆಲವು ಇಲ್ಲಿ ಬರೆಯಲಾರೆ. ಅತ್ತೆಯೆಂಬ ನಂಟು ಬಂದ ಮೇಲೆ ಕುಲದ ಸಲಿಗೆಗೆ ಬೆಲೆಯಿಲ್ಲ. ಅತ್ತೆಯನ್ನು ಬೈದವನು ಊರಿಗೆ ಹೋಗಿ ಹಿರಿಯರ ಮುಂದೆ ಮೊಣಕಾಲೂರಬೇಕು. ಶಾಸ್ತ್ರ ಅವನ ಜನ್ಮದಲ್ಲಿ ಆಗುವುದಿಲ್ಲ. ನನ್ನ ಶಾಸ್ತ್ರವೋ ಅವರು ಊರಿಗೆ ಹೊರಡುವ ಮುಂಚಿನ ಶನಿವಾರಕ್ಕೆ ಗೊತ್ತಾಗಿತ್ತು. ಬ್ವಾಲ್ಯಾ ದಿನಾ ಬೆರಳು ಮಡಿಸಿ ಎಣಿಸುತ್ತಿದ್ದಳು.

ಅವಳಿಗೆ ಹೇಳುವಂತಿಲ್ಲ. ಹೇಳಿದರೆ ಅವಳು ಚಿಕ್ಕಮ್ಮಂದಿರಿಗೆ ಹೇಳದೆ ಇರಲಾರಳು. ಆಟ ನಿಲ್ಲಿಸಿದರೆ ಇವನಿಗೇಕೆ ದಿಢೀರನೆ ಭಯ ಬಂತೆಂದು ಅತ್ತೆಗೆ ಅನುಮಾನ ಬರುತ್ತದೆ. ಆಡಿದರೆ ಬೈಯಬೇಕು. ನಾನು ಮೆತ್ತಗೆ ಆಡತೊಡಗಿದೆ. ಬೇಕೆಂದೇ ಆನೆ ಬಿಟ್ಟೆ, ಒಂಟೆ ಬಿಟ್ಟೆ, ಸಾಲಾಗಿ ಐದು ಆಟ ಸೋತು "ತುಂಬ ಚೆನ್ನಾಗಿ ಆಡಿದಿರಿ" ಎಂದು ಬರೆದೆ.

ಉತ್ತರ ತಕ್ಷಣ ಬಂತು. "ಅಳಿಯನ ಥರ ಆಡ್ಬೇಡ. ನೀನು ಯಾರು ಅಂತ ನಾನು ಬಂದ ಎರಡನೇ ದಿನಕ್ಕೇ ಗೊತ್ತಾಯ್ತು. ನಾನು ಕಾಯಿ ನಡೆಸಿದಾಗೆಲ್ಲ ನಿನ್ನ ಕೋಣೇಲಿ ಫೋನು ಟಕ್ ಅನ್ನುತ್ತೆ. ಬೈದು ಆಡು."

ತಲೆದಿಂಬಿನಲ್ಲಿ ಮುಖ ಹುದುಗಿಸಿದೆ. ನಾಚಿಕೆಯಿಂದ ಸತ್ತೇಹೋದೆ. ಆದರೆ ಶಿಕ್ಷೆಯ ಮಾತು ಅವರು ಎತ್ತಲಿಲ್ಲವಲ್ಲ! ಶನಿವಾರ ಬಂದರೆ ಸಾಕು, ಎದುರಿಗೇ ಕೂತು, ಹಿರಿಯರಿಗೆ ಮರ್ಯಾದೆ ತೋರಿಸುವ ಹಾಗೆ ಕೈ ತಟ್ಟಿ ಕ್ಷಮೆ ಕೇಳಿ, ಈ ಕೋಣೆಯಿಂದ ಮನುಷ್ಯನ ಹಾಗೆ ನಡೆದು ಹೊರಗೆ ಹೋಗುತ್ತೇನೆ ಅಂದುಕೊಂಡೆ.

ಶಾಸ್ತ್ರದ ಹಿಂದಿನ ದಿನ, ಶುಕ್ರವಾರ ಬೆಳಿಗ್ಗೆ ಬ್ವಾಲ್ಯಾ ಒಳಗೆ ಬಂದು ಮಂಚದ ಮೇಲೆ ಕುಸಿದಳು.

"ಥೋಕೊ ಅಪ್ಪಾ, ಅಮ್ಮ ಶಾಸ್ತ್ರ ಬೇಡ ಅಂದ್ಬಿಟ್ಳು. ಮುಂದಿನ ವರ್ಷ ನೋಡೋಣ ಅಂತೆ. ಕೋಳಿಯೆಲ್ಲ ತಂದಾಗಿದೆ. ಯಾಕೆ ಅಂದ್ರೆ ಮಂಡಿನೋವು ಅಂತಾಳೆ. ಚಿಕ್ಕಮ್ಮ ನನ್ನೇ ಕೇಳ್ತಾಳೆ, ನಿನ್ನ ಗಂಡನಲ್ಲಿ ಏನೋ ಐಬು ಕಂಡಿರ್ಬೇಕು ಅಂತ. ಏನ್ ಮಾಡಿದ್ರಿ ನೀವು?"

"ನಾನೇನ್ ಮಾಡ್ದೆ? ಈ ಕೋಣೆ ಬಿಟ್ಟು ಆಚೆ ಕಾಲಿಟ್ಟಿದೀನಾ?"

ಅವಳು ನನ್ನ ಹೆಗಲಿಗೆ ಒರಗಿ ಅಳತೊಡಗಿದಳು. ನಾನು ಅವಳ ಬೆನ್ನ ಹಿಂದೆ ಫೋನು ಹಿಡಿದು, ಒಂದೇ ಬೆರಳಲ್ಲಿ ಬರೆದೆ: "ದಯವಿಟ್ಟು ಶಾಸ್ತ್ರ ನಿಲ್ಲಿಸಬೇಡಿ. ನಿಮ್ಮ ಮಗಳು ಅಳುತ್ತಿದ್ದಾಳೆ."

ಉತ್ತರ ಬಂತು.

"ಕೇಳಿಸ್ತಿದೆ. ನನಗೂ ಸಂಕಟ ಆಗ್ತಿದೆ. ಆದ್ರೆ ನಾಳೆ ನನ್ನ ಮುಖ ನೋಡಿ ಕೈ ತಟ್ಟಿದ ಮೇಲೆ ನಿನಗೆ ಬೈಯೋಕೆ ನಾಲಿಗೆ ಬರುತ್ತಾ? ಮರ್ಯಾದೆ ಕೊಡೋ ಅಳಿಯಂದಿರು ನನಗೆ ಮೂವರಿದಾರೆ. ಬಾಯ್ತುಂಬ ಬೈದು ನನ್ನ ಜೊತೆ ಆಡ್ತಿದ್ದ ನಿನ್ನ ಮಾವ, ನಮ್ಮ ಮೇಷ್ಟ್ರು, ತೀರ್ಕೊಂಡು ಎರಡು ವರ್ಷ ಆಯ್ತು. ಅವರ ಹೆಸರಲ್ಲೇ ಆಡ್ತಿದೀನಿ. ಒಂದು ವರ್ಷ ತಡ್ಕೋ, ಮಗಾ. ನಿನ್ನ ಸರದಿ."

ನನಗೆ ಸಿಟ್ಟು ಬಂತು. ಇನ್ನೊಂದು ವರ್ಷ ಹೆಂಡತಿಯ ಕಡೆಯವರ ಕಣ್ಣಿಗೆ ನಾನು ಐಬಿನ ಗಂಡಸು. ಆ ಮುದುಕಿಯನ್ನು ದ್ವೇಷಿಸಲು ನೋಡಿದೆ, ಆಗಲಿಲ್ಲ. ಒಂಟೆಯಿಂದ ಅವರ ಕಾಲಾಳನ್ನು ಹೊಡೆದು ಬರೆದೆ: "ಹಲ್ಲಿಲ್ಲದ ಬಾಯಲ್ಲಿ ಚೆಸ್ ಆಡೋದಲ್ಲ ಅಜ್ಜೀ, ಗಂಜಿ ಕುಡಿ ಹೋಗು."

ಪರದೆಯಾಚೆ ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು.

ಬ್ವಾಲ್ಯಾ ತಲೆಯೆತ್ತಿದಳು. ಕಣ್ಣು ಕೆಂಪಗಿದ್ದವು. "ಕೇಳಿದ್ರಾ? ನಮ್ಮನ್ನ ಅಳಿಸಿ ಹೇಗೆ ನಗ್ತಾಳೆ ನೋಡಿ. ನಿಮ್ಮನ್ನ ಕಂಡ್ರೆ ಅವಳಿಗೆ ಅಷ್ಟು ದ್ವೇಷಾನಾ?"

"ಇರಬೇಕು" ಅಂದೆ.